ನಾಲ್ಕು ಹೆಜ್ಜೆಯಿಂದ ತೆಗೆದ ಫೋಟೋ

ಬೇಲೂರಿನ ಯೋಗನರಸಿಂಹನ ಬಳಿ ಕರಿಬಟ್ಟೆ ಹೊದ್ದು ನೋಡುವ ಕ್ಯಾಮೆರಾ ಒಂದೇ, ಲೆನ್ಸು ಮಾತ್ರ ಎರಡು. ಗಿಡ್ಡ ಲೆನ್ಸು ಇಕ್ಕಟ್ಟಿನಲ್ಲೂ ಅಗಲಕ್ಕೆ ಎಲ್ಲವನ್ನೂ ಹಿಡಿಯುತ್ತಿತ್ತು; ಗುಡಿಯೊಳಗಿನ ಕಂಬಗಳಿಗೆ ಅದು. ಉದ್ದದ ಲೆನ್ಸು ಸೂರಿನಡಿಯ ಮದನಿಕೆಯರನ್ನು ದೂರದಿಂದಲೇ ಹತ್ತಿರಕ್ಕೆಳೆದು ತರುತ್ತಿತ್ತು. ಪಾಪ, ಒಳ್ಳೆಯವನು. ಗುಡಿಯ ಕೈಂಕರ್ಯ ಬಿಟ್ಟು ಇದನ್ನು ಹಿಡಿದನೆಂದು ಅವನಪ್ಪ ಎರಡು ವರ್ಷ ಮುಖ ಕೊಟ್ಟು ಮಾತಾಡಿರಲಿಲ್ಲ. ಅದಿರಲಿ.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಏಕಾಂತಯ್ಯನವರು ಮಗಳು ದ್ರಾಕ್ಷಾಯಣಿಯ ಫೋಟೋ ತೆಗೆಯಲು ಅವನನ್ನು ಕರೆಸಿದರು. ಅರೇಹಳ್ಳಿಯ ಗಂಡಿನ ಕಡೆಯವರು ಕೇಳಿದ್ದರು. ಮದುವೆ ಗೊತ್ತಾಗುವ ಮುಂಚೆ ಹುಡುಗಿ ಬೀದಿಗೆ ಕಾಣುವಂತೆ ಅಲಂಕಾರ ಮಾಡಿಕೊಂಡು ಕೂರಬಾರದೆಂದು ತಾಯಿ ಮಹದೇವಮ್ಮ ಪಟ್ಟು ಹಿಡಿದರು. ಒಳಕೋಣೆಯ ತುಂಬ ಕೊಬ್ಬರಿ ಮೂಟೆ. ಉಳಿದದ್ದು ನಾಲ್ಕು ಹೆಜ್ಜೆ ಜಾಗ. ಯೋಗನರಸಿಂಹ ಗಿಡ್ಡ ಲೆನ್ಸು ಹಾಕಿ, ಮುಖ ದೊಡ್ಡದಾಗಿ ಬರಲೆಂದು ಇನ್ನೂ ಹತ್ತಿರ ಸರಿದ. ಅಷ್ಟು ದಿನ ಕಂಬಗಳ ಫೋಟೋ ತೆಗೆದವನು, ಕಂಬಕ್ಕೆ ಮೂಗೆಲ್ಲಿದೆ? ಬೇಲೂರಿನಿಂದ ಹತ್ತಿರವೆಂದು ಫೋಟೋವನ್ನು ನೇರ ಅರೇಹಳ್ಳಿಗೇ ಕಳಿಸಿಬಿಟ್ಟ.

ವಾರ ಕಳೆದು ಏಕಾಂತಯ್ಯ ಬೇಲೂರಿನಲ್ಲಿ ಬಸ್ಸಿಳಿದು ಯೋಗನರಸಿಂಹನ ಅಂಗಡಿಗೆ ಬಂದರು.

"ಏನ್ ಸ್ವಾಮಿ, ನನ್ ಮಗಳಿಗೆ ಯಾರ್ ಮೂಗು ಅಂಟಿಸಿದ್ರಿ? ಈ ಸಂಬಂಧ ಬ್ಯಾಡ ಅಂತ ಬರ್ದು ಫೋಟೋನೂ ವಾಪಸ್ ಕಳ್ಸವ್ರೆ!"

ಯೋಗನರಸಿಂಹ ಫೋಟೋ ತೆಗೆದುಕೊಂಡು ನೋಡಿದ. "ತಪ್ಪು ನಂದೇ ಯಜಮಾನ್ರೇ. ತೀರಾ ಹತ್ರ ಹೋದ್ರೆ ಮುಂದಿರೋದು ಉಬ್ಬಿ ಕಾಣತ್ತೆ. ದೂರ ನಿಂತು ಇನ್ನೊಂದ್ಸಲ ತೆಗೀತೀನಿ."

ಕ್ಯಾಮೆರಾ ಹೊತ್ತು ಮತ್ತೆ ಅರಸೀಕೆರೆಗೆ ಹೋದ. ಉದ್ದದ ಲೆನ್ಸಿಗೆ ನಾಲ್ಕು ಹೆಜ್ಜೆ ಎಲ್ಲಿ ಸಾಕು? ಹುಡುಗಿ ಜಗಲಿಯಲ್ಲಿ ಕೂರಬೇಕು, ಕ್ಯಾಮೆರಾ ಬೀದಿಯ ಆಚೆ ಬದಿಗೆ ಹೋಗಬೇಕು.

"ಊರೋರೆಲ್ಲ ನೋಡ್ಲಿ ಅಂತಾನಾ?" ಎಂದರು ಮಹದೇವಮ್ಮ.

"ದಿನಾ ನೀರಿಗೆ ಹೋಗುವಾಗ ಇದೇ ಮೂಗು ತಾನೇ ಅವ್ವಾ, ನಾನು ಹೊತ್ಕೊಂಡ್ ಹೋಗೋದು?" ಎಂದು ದ್ರಾಕ್ಷಾಯಣಿ ತಾನೇ ಬಂದು ಜಗಲಿಯಲ್ಲಿ ಕುಳಿತಳು.

ಗಾಡಿ ಹೊಡೆಯುವ ಲಕ್ಕಪ್ಪ ಎತ್ತು ನಿಲ್ಲಿಸಿದ. "ಹೆಣ್ಣು ಅಲ್ಲಿ, ಡಬ್ಬ ಇಲ್ಲಿ! ಅಷ್ಟು ಹೆದ್ರಿಕೆನಾ ಸ್ವಾಮಿ?"

"ಧೂಳು ಅಡಗೋವರ್ಗೂ ಹಾಗೇ ಇರಪ್ಪ," ಎಂದು ಯೋಗನರಸಿಂಹ ಬಟ್ಟೆಯೊಳಗೆ ತಲೆ ತೂರಿಸಿದ. ಗಾಜಿನ ಮೇಲೆ ಮುಖ ತಲೆಕೆಳಗಾಗಿ ಮೂಡಿತು. ಮೂಗು ಅದರ ಜಾಗದಲ್ಲಿ ಅದರಷ್ಟೇ ಇತ್ತು. ಫೋಟೋ ತೆಗೆದ.

"ಎರಡೂ ಫೋಟೋ ಕಳ್ಸಿ," ಎಂದಳು ಹುಡುಗಿ. "ಯಾವ್ದು ನಂದು ಅಂತ ಬಂದೇ ನೋಡ್ಲಿ."

ಅರೇಹಳ್ಳಿಯವರು ಬಂದರು. ಏಕಾಂತಯ್ಯ ಸಾಕ್ಷಿಗೆಂದು ಯೋಗನರಸಿಂಹನನ್ನೂ ಮೂಲೆಯಲ್ಲಿ ಕೂರಿಸಿದ್ದರು. ಗಂಡಿನ ತಾಯಿ ಸುಮಿತ್ರಮ್ಮ ಎರಡೂ ಫೋಟೋ ಕೈಯಲ್ಲಿ ಹಿಡಿದು ಹುಡುಗಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಹದೇವಮ್ಮನ ಕಡೆ ತಿರುಗಿ ಕೇಳಿದರು:

"ಮೂಗುಬೊಟ್ಟು ನಾವೇ ಮಾಡಿಸ್ತೀವಿ. ಎಡಕ್ಕೆ ಚುಚ್ಚಿಸ್ತೀರೋ, ಬಲಕ್ಕೋ?"