ಸಿಮೆಂಟ್ ಬೇಡವೆಂದ ಅಂಗಳ

ಪಕ್ಕದ ಮನೆಯ ಅಕ್ಕನ ಹಿಮ್ಮಡಿಗಳು ಬೇಸಿಗೆಯ ಗದ್ದೆಯಂತೆ ಬಿರಿದಿದ್ದವು. ಕಾಲ್ಬೆರಳ ಸಂದುಗಳು ಮಾತ್ರ ನೀರು ತಿಂದು ಸದಾ ಬೆಳ್ಳಗೆ. ಕುಂದಾಪುರದ ಮೀನು ಮಾರ್ಕೆಟ್ಟಿನ ಒದ್ದೆ ಸಿಮೆಂಟಿನ ಮೇಲೆ, ಐಸಿನ ನೀರಿನಲ್ಲಿ ನಿಂತೇ ವ್ಯಾಪಾರ ಮಾಡಿದವರು. ವ್ಯಾಪಾರ ನಿಲ್ಲಿಸಿದ ಮೇಲೆ ಕುಂಭಾಶಿಯ ಮನೆಯಂಗಳದಲ್ಲಿ ಗರಿಕೆ ಬೆಳೆಸಿದರು. ಹೈಸ್ಕೂಲಿನ ಡ್ರಿಲ್ ಮಾಸ್ಟರಾಗಿ ನಿವೃತ್ತನಾದ ನಾನು ದಿನವೂ ಬೆಳಿಗ್ಗೆ ಕವಾಯತು ಮುಗಿಸುವ ಹೊತ್ತಿಗೆ ಅವರು ಬರಿಗಾಲಲ್ಲಿ ಆ ಹುಲ್ಲಿನ ಮೇಲೆ ನಡೆಯುತ್ತಿದ್ದರು.

ನಮ್ಮೂರಿನ ಮಳೆಗೆ ಹುಲ್ಲಿಗಿಂತ ಪಾಚಿಯೇ ಬೇಗ ಹಬ್ಬುತ್ತದೆ. ಒಂದು ಆಷಾಢದಲ್ಲಿ ಅಕ್ಕ ಜಾರಿ ಬಿದ್ದು ಕೈ ಮುರಿದುಕೊಂಡರು. ಜೊತೆಗಿದ್ದ ಮಗ ಹೆದರಿ, ಅಂಗಳಕ್ಕೆಲ್ಲ ಸಿಮೆಂಟಿನ ಇಂಟರ್‌ಲಾಕ್ ಇಟ್ಟಿಗೆ ಹಾಕಿಸಲು ಹೊರಟ. ಇಟ್ಟಿಗೆಯ ಟೆಂಪೋ ಬಂದಾಗ ಅಕ್ಕ ಪ್ಲಾಸ್ಟರ್ ಹಾಕಿದ ಕೈಯಲ್ಲೇ ಕುರ್ಚಿ ಎಳೆದು ಗೇಟಿಗೆ ಅಡ್ಡ ಕುಳಿತರು.

"ಅಮ್ಮ, ಹಟ ಬಿಡ್. ಮತ್ತೊಂದ್ ಸಲ ಬಿದ್ರೆ?"

"ಬಿದ್ದದ್ದ್ ನಾನ್. ನೀನಲ್ಲ. ಸಿಮೆಂಟಿನ್ ಮೇಲೆ ನಿಂತೇ ನಿನ್ನ ಸಾಕಿದ್ದೆ. ನನ್ನ ಅಂಗಳದಗೂ ಅದೇ ಸಿಮೆಂಟಾ? ನಾನ್ ಬಿಡ್ತಿಲ್ಲೆ!"

ಡ್ರೈವರ್ ನಗುತ್ತಾ ಟೆಂಪೋ ತಿರುಗಿಸಿದ. ಬೇಲಿಯಾಚೆ ನಿಂತು ನೋಡುತ್ತಿದ್ದ ನನ್ನತ್ತ ಅಕ್ಕ ತಿರುಗಿದರು. "ಹ್ವಾಯ್ ಮಾಸ್ಟ್ರೆ, ಎಂತ ಕಾಂತ್ರಿ? ಶಾಲೆ ಮೈದಾನ ನೋಡ್ಕಂಡವ್ರಲ್ದಾ? ಬನ್ನಿ ಈಚೆ!"

ಹೋದೆ. ಮಳೆ ಹಿಂದೆಗೆದ ಮೇಲೆ ಕೆಲಸ ಹಿಡಿದೆವು. ನೆರಳು ಕವಿದಿದ್ದ ಹಲಸಿನ ಕೊಂಬೆ ಕಡಿಸಿದೆವು. ಬ್ಲೀಚಿಂಗ್ ಪೌಡರ್ ಚೆಲ್ಲಿದರೆ ಹುಲ್ಲೂ ಸಾಯುತ್ತದೆಂದು ಪಾಚಿಯನ್ನು ತಗಡಿನಿಂದ ಕೆರೆದೆವು. ತುಳಿದು ಗಟ್ಟಿಯಾಗಿದ್ದ ನೆಲಕ್ಕೆ ನಾನು ಹಾರೆಯಿಂದ ತೂತು ಹೊಡೆದು ಮರಳು ತುಂಬಿದೆ, ನೀರು ಇಂಗಲೆಂದು. ಮಣ್ಣಿನ ಹುಳಿ ಇಳಿಯಲು ಅಕ್ಕ ಚಿಪ್ಪಿನ ಸುಣ್ಣ ಎರಚಿದರು. ಬೋಳಾದಲ್ಲೆಲ್ಲ ಗರಿಕೆಯ ಬಳ್ಳಿ ನೆಟ್ಟೆವು. ಹುಲ್ಲು ಚಿಗುರಿದ ಮೇಲೆ ನಾನು ನೆಲಮಟ್ಟ ಕತ್ತರಿಸಹೊರಟರೆ ಅಕ್ಕ ಕತ್ತರಿ ಕಸಿದುಕೊಂಡರು: "ಅದೆಂತ ನಿಮ್ಮ್ ಹೈಸ್ಕೂಲ್ ಮಕ್ಳ ತಲೆಯಾ ಮಾರಾಯ್ರೆ? ಬೆರಳುದ್ದ ಇರ್ಲಿ. ಬೋಳ್ಸಿರೆ ಪಾಚಿಗೇ ಜಾಗ ಕೊಟ್ಟಾಂಗೆ."

ಪಾಚಿ ಪ್ರತಿ ಮಳೆಗಾಲ ಬಂತು. ಪ್ರತಿ ಸಲವೂ ಅಕ್ಕ ಕೆರೆದರು, ಬೈದರು, ಮತ್ತೆ ನೆಟ್ಟರು. ಇನ್ನೊಮ್ಮೆ ಬೀಳಲಿಲ್ಲ.

ಕಳೆದ ಕಾರ್ತಿಕದಲ್ಲಿ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಮಗ ಹೇಳಿದ, "ಮಾಸ್ಟ್ರೆ, ಸೋಮವಾರ ಇಂಟರ್‌ಲಾಕ್ ಬತ್ತ್. ಕಾರ್ ನಿಲ್ಸುಕೆ ಜಾಗ ಬೇಕಲ್ದಾ." ಅಂಗಳ ಅವನದು. ಅವನೊಡನೆ ವಾದಿಸಲಿಲ್ಲ. ಭಾನುವಾರ ಬೆಳಕು ಹರಿಯುತ್ತಲೇ ಗುದ್ದಲಿ ಹಿಡಿದು ಹೋದೆ.

"ಇದೆಂತ ಮಾಸ್ಟ್ರೆ?"

"ನಿಂಗೆ ಬೇಡದ್ದನ್ನ ಕೊಂಡ್ ಹೋಪುಕೆ ಬಂದೆ."

ಅವನು ಒಳಗಿಂದ ಬುಟ್ಟಿ ತಂದು ಹಿಡಿದ. ಮಣ್ಣಿನ ಹೆಂಟೆ ಸಮೇತ ಎಬ್ಬಿಸಿದ ಹುಲ್ಲನ್ನು ಇಬ್ಬರೂ ಹೊತ್ತು ನನ್ನ ಮನೆಗೆ ತಂದೆವು. ನಿವೃತ್ತನಾದಾಗ ನಾನೇ ಹಾಕಿಸಿದ್ದ ಇಂಟರ್‌ಲಾಕನ್ನು ಕೀಳಿಸಿ ಅಲ್ಲಿ ನೆಟ್ಟೆ. ಹೆಂಡತಿ ತಲೆ ಚಚ್ಚಿಕೊಂಡಳು.

ಈ ಮಳೆಗೆ ನನ್ನ ಅಂಗಳಕ್ಕೂ ಪಾಚಿ ಬಂದಿದೆ. ಹೋಗಿ ಬರುವವರೆಲ್ಲ, ವಯಸ್ಸಾಯಿತು, ಕಲ್ಲು ಹಾಸಿಬಿಡಿ ಎನ್ನುತ್ತಾರೆ. ಸೀಟಿ ಊದಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವನು ನಾನು. ಮೇಲಿನವರು ಹೇಳಿದಲ್ಲಿ ನಾನೂ ಸಾಲಾಗಿ ನಿಂತವನೇ. ಆಗುವುದಿಲ್ಲ ಎಂದು ಮುಖಕ್ಕೆ ಹೇಳಲು ಈ ವಯಸ್ಸಿನಲ್ಲಿ ಅಕ್ಕನಿಂದ ಕಲಿತೆ. ಈಗ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದೇನೆ.