ಎರಡನೇ ಸಲ ಕೇಳದ ರೊಟ್ಟಿ

ಈಗಲೂ ಯಾರಾದರೂ ಊಟದ ಹೊತ್ತಿಗೆ ‘ಓಕೆ, ಥ್ಯಾಂಕ್ ಯು’ ಅಂದರೆ ನನ್ನ ಮೈ ಉರಿಯುತ್ತದೆ.

ಮಗಳಿಗೆ ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಕೆಲಸದ ಇಂಟರ್‌ವ್ಯೂ ಇತ್ತು. ಇಂಗ್ಲಿಷ್ ಓದಲು ಬರೆಯಲು ಬರುತ್ತಿತ್ತು, ಆಡಲು ಹೋದರೆ ನಾಲಿಗೆ ತಡವರಿಸುತ್ತಿತ್ತು. ಅದಕ್ಕೆ ಯಜಮಾನರು ಒಂದು ಕಾನೂನು ತಂದರು: ರಾತ್ರಿ ಊಟಕ್ಕೆ ಕೂತಾಗ ಯಾರೂ ಕನ್ನಡ ಆಡಕೂಡದು. ಬಡಿಸುವವಳು ಮಗಳು. ಕಾಚಿಗೂಡದ ನಮ್ಮ ಮನೆಯಲ್ಲಿ ಹೊರಗೆ ತೆಲುಗು, ಹಿಂದಿ, ಒಳಗೆ ಕನ್ನಡ ಎಂದು ನಡೆದುಕೊಂಡು ಬಂದಿತ್ತು. ಇನ್ನು ತಟ್ಟೆಗೂ ಬೇರೆ ಭಾಷೆ ಬಂತು.

ನಾನು ಒಳಗೆ ಜೋಳದ ರೊಟ್ಟಿ ಬಡಿಯುತ್ತಾ ಕೇಳಿಸಿಕೊಳ್ಳುತ್ತಿದ್ದೆ.

“ವುಡ್ ಯು ಲೈಕ್ ಒನ್ ಮೋರ್ ರೋಟಿ, ಅಜ್ಜಿ?”

“ನೋ, ನೋ.” ಅತ್ತೆಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ಅರ್ಧ ಅದೇ.

“ಓಕೆ, ಥ್ಯಾಂಕ್ ಯು.” ಬುಟ್ಟಿ ಮುಂದಕ್ಕೆ ಹೋಗುತ್ತಿತ್ತು.

“ವೆರಿ ಗುಡ್,” ಎನ್ನುತ್ತಿದ್ದರು ಯಜಮಾನರು.

ನಮ್ಮ ಮಂದಿಯಲ್ಲಿ ಮೊದಲ ಸಲಕ್ಕೇ ಹೂಂ ಅನ್ನುವವರು ಯಾರಿದ್ದಾರೆ? ಬೇಡ ಅನ್ನಬೇಕು, ತಟ್ಟೆಗೆ ಕೈ ಅಡ್ಡ ಹಿಡಿಯಬೇಕು. ಬಡಿಸುವವರು “ಏನ್ ಉಂಡೀರಿ, ಗುಬ್ಬಿ ತಿಂದಂಗ” ಎಂದು ಕಾಡಿಸಿ ಬೆರಳ ಸಂದಿಯಿಂದಲೇ ರೊಟ್ಟಿ ಜಾರಿಸಬೇಕು. ಉಣ್ಣುವವರು ಬೈದುಕೊಳ್ಳುತ್ತಲೇ ಉಣ್ಣಬೇಕು.

ಬುಟ್ಟಿಯಲ್ಲಿ ದಿನವೂ ರೊಟ್ಟಿ ಉಳಿಯತೊಡಗಿತು. ಬಿಸಿಲಿಗೆ ಯಾರಿಗೂ ಹಸಿವಿಲ್ಲ ಅಂದುಕೊಂಡೆ. ಒಂದು ಮುಂಜಾನೆ ಹಾಲು ಕಾಯಿಸಲು ಹೋದರೆ, ಅತ್ತೆ ಅಡುಗೆ ಕಟ್ಟೆಯ ಮೂಲೆಯಲ್ಲಿ ನಿಂತುಕೊಂಡೇ ತಂಗಳು ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿ ತಿನ್ನುತ್ತಿದ್ದರು. ನನ್ನನ್ನು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಅತ್ಯಾರ, ರಾತ್ರಿ ಹೊಟ್ಟಿ ತುಂಬ ಉಣ್ಣಲಿಲ್ಲೇನ್ರಿ?”

“ಕೂಸು ಒಮ್ಮೆ ಕೇಳಿ ಬಿಟ್ಟುಬಿಡ್ತೈತವಾ. ನಾ ಹೆಂಗ ಬಾಯಿ ಬಿಟ್ಟು ಕೇಳ್ಲಿ? ಇರ್ಲಿ, ಅದರ ನೌಕ್ರಿ ಆಗ್ಲಿ.”

ನನಗೆ ರೊಟ್ಟಿ ಬಡಿಯಲು ಕಲಿಸಿದವರು ಅದೇ ಅಡುಗೆಮನೆಯಲ್ಲಿ ಕದ್ದು ತಿನ್ನಬೇಕೆ? ಮಗಳ ಮೇಲೆ ಸಿಟ್ಟು ಬರಲಿಲ್ಲ, ಹೇಳಿಕೊಟ್ಟಂತೆ ಕೇಳಿದ್ದಳು. ತಾಯಿಯ ಪಕ್ಕದಲ್ಲೇ ಕೂತು, ಅವರ ಖಾಲಿ ತಟ್ಟೆ ಕಾಣದೆ ‘ವೆರಿ ಗುಡ್’ ಅನ್ನುತ್ತಿದ್ದವರ ಮೇಲೆ ಬಂತು.

ಅವತ್ತು ರಾತ್ರಿ ಎಣ್ಣೆಗಾಯಿ ಮಾಡಿ, ಬಡಿಸಲು ನಾನೇ ನಿಂತೆ. ಯಜಮಾನರ ರೊಟ್ಟಿ ಮುಗಿದಿತ್ತು, ಬದನೆಕಾಯಿ ಇನ್ನೂ ಇತ್ತು.

“ಒನ್ ಮೋರ್?”

“ನೋ, ನೋ.” ಕೈ ತಟ್ಟೆಗೆ ಅಡ್ಡ, ಕಣ್ಣು ಬುಟ್ಟಿಯ ಮೇಲೆ.

“ಓಕೆ, ಥ್ಯಾಂಕ್ ಯು,” ಎಂದು ಬುಟ್ಟಿ ಎತ್ತಿಕೊಂಡು ಮುಂದೆ ನಡೆದೆ.

“ಏ, ಇದೇನಿದು? ಇನ್ನೊಮ್ಮೆ ಕೇಳಾಂಗಿಲ್ಲೇನು?” ಕಾನೂನು ತಂದವರ ಬಾಯಲ್ಲೇ ಕನ್ನಡ ಬಂತು.

“ನಿಮ್ಮ ಇಂಗ್ಲಿಷಿನ್ಯಾಗ ಒಮ್ಮೇ ಕೇಳೋದ್ರಿ. ನಿಮ್ಮವ್ವಾರಿಗೂ ಹಂಗ ಕೇಳಾಕತ್ತೀವಿ. ದಿನಾ ಮುಂಜಾನೆ ಮೂಲ್ಯಾಗ ನಿಂತು ತಂಗಳ ತಿನ್ನಾಕತ್ತಾರ. ಅದಕ್ಕೂ ವೆರಿ ಗುಡ್ ಅನ್ರಿ.”

ಅವರ ಕೈ ತಟ್ಟೆಯ ಮೇಲೆ ಹಾಗೆಯೇ ಉಳಿಯಿತು. ಅತ್ತೆ ತಲೆ ಎತ್ತಲಿಲ್ಲ. ಮಗಳು ಎದ್ದು ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡಳು.

“ಅಜ್ಜಿ, ಒನ್ ಮೋರ್.”

“ನೋ, ನೋ.”

“ನಿನ್ನ ನೋ ನಡಿಯಾಂಗಿಲ್ಲ. ಪ್ಲೀಸ್ ಅಜ್ಜಿ, ಯು ಮಸ್ಟ್,” ಎನ್ನುತ್ತಾ ಬೆರಳ ಸಂದಿಯಿಂದ ರೊಟ್ಟಿ ಜಾರಿಸಿದಳು. ಅತ್ತೆ ಅವಳನ್ನು ಬೈಯುತ್ತಲೇ ಮುರಿದುಕೊಂಡರು.

ಯಜಮಾನರು ಇನ್ನೂ ಬುಟ್ಟಿಯ ಕಡೆಗೇ ನೋಡುತ್ತಿದ್ದರು. ನಾನು ಮತ್ತೆ ಕೇಳಲಿಲ್ಲ.