ತಲೆ ಎಣಿಸಿ ಗೇರ್ ಹಾಕುತ್ತಿದ್ದವರು

ಅವರ ಕುತ್ತಿಗೆ ಎಡಕ್ಕೆ ಪೂರ್ತಿ ತಿರುಗುತ್ತಿರಲಿಲ್ಲ. ಮೂವತ್ತು ವರ್ಷ ಮಣ್ಣು, ಜಲ್ಲಿ ತುಂಬುವ ಲೋಡರ್ ಯಂತ್ರದ ಸೀಟಿನಲ್ಲಿ ಕೂತು, ಬಲ ಹೆಗಲ ಮೇಲಿಂದಲೇ ಹಿಂದೆ ನೋಡಿ ನೋಡಿ, ಕೊರಳು ಒಂದೇ ಕಡೆಗೆ ಒಗ್ಗಿಹೋಗಿತ್ತು. ಎಡಗಡೆಯಿಂದ ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ "ಹೇಳಿ" ಎನ್ನುತ್ತಿದ್ದರು. ಊರು ಕುಣಿಗಲ್. ಕೆಲಸ ಗುಬ್ಬಿ ಹತ್ತಿರದ ಜಲ್ಲಿ ಕ್ರಷರ್‌ನಲ್ಲಿ. ಅಲ್ಲಿ ಎಲ್ಲರಿಗೂ ಅವರು ಚಾಚಾ, ನನಗೂ.

ನಾನು ತುಮಕೂರಿನ ಒಂದು ಕಂಪನಿಯಲ್ಲಿ, ಇಂಥ ಯಂತ್ರಗಳ ಕ್ಯಾಬಿನ್ನಿನೊಳಗೆ ಆಪರೇಟರ್ ಮುಂದಿರುವ ಸ್ಕ್ರೀನು, ದೀಪ, ಬಜರ್‌ಗಳನ್ನು ವಿನ್ಯಾಸ ಮಾಡುವವಳು. ಪರೀಕ್ಷೆಗೆಂದು ನಮ್ಮ ಹೊಸ ಸ್ಕ್ರೀನನ್ನು ಚಾಚಾ ಓಡಿಸುವ ಲೋಡರ್‌ಗೆ ಕೂರಿಸಿದ್ದೆವು. ತಿಂಗಳಾದ ಮೇಲೆ ಇಬ್ಬರು ಸಹೋದ್ಯೋಗಿಗಳ ಜೊತೆ ಹೋಗಿ ನೋಡಿದರೆ, ಬಜರ್ ತೂತಿಗೆ ಗಾಯಕ್ಕೆ ಹಾಕುವ ಪಟ್ಟಿ ಅಂಟಿಸಿದ್ದರು. ನನಗೆ ಸಿಟ್ಟು ಬಂತು.

"ಇದು ನಿಮ್ಮ ಸೇಫ್ಟಿಗೇ ಇರೋದು ಚಾಚಾ."

"ಡೀಸೆಲ್ ಕಮ್ಮಿಯಾದ್ರೂ ಅದೇ ಕೂಗು, ಬೆಲ್ಟ್ ಹಾಕ್ದಿದ್ರೂ ಅದೇ ಕೂಗು, ಹಿಂದೆ ಮನುಷ್ಯ ಬಂದ್ರೂ ಅದೇ ಕೂಗು. ದಿನವೆಲ್ಲಾ ಕೂಗ್ತಾನೇ ಇದ್ರೆ ನಾನು ಯಾವ್ದಕ್ಕಮ್ಮಾ ಹೆದರ್ಲಿ?"

ಪಟ್ಟಿ ಕಿತ್ತುಹಾಕಿ ಕೆಳಗಿಳಿದೆ. ಹಿಂದಿನ ಸೆನ್ಸರ್‌ಗೆ ಧೂಳು ಕೂತಿದೆಯೇನೋ ನೋಡೋಣವೆಂದು, ಯಾರಿಗೂ ಹೇಳದೆ ಯಂತ್ರದ ಹಿಂದೆ ಹೋಗಿ ಎಡ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಅಷ್ಟರಲ್ಲಿ ಟಿಪ್ಪರ್ ಬಂತೆಂದು ಚಾಚಾ ಇಂಜಿನ್ ಶುರು ಮಾಡಿದರು. ಬಜರ್ ಕೂಗಿತು. ಬೆಲ್ಟ್ ಹಾಕಿಲ್ಲವೇನೋ ಅಂದುಕೊಂಡೆ. ಅದು ಕೂಗುತ್ತಿದ್ದುದು ನನಗಾಗಿ ಎಂದು, ಅದನ್ನು ಮಾಡಿದ ನನಗೇ ಹೊಳೆಯಲಿಲ್ಲ.

ಯಂತ್ರ ಒಂದು ಗೇಣೂ ಕದಲಲಿಲ್ಲ. ಇಂಜಿನ್ ನಿಂತಿತು. ಚಾಚಾ ಇಳಿದು ಸುತ್ತಿಕೊಂಡು ಬಂದು, ನನ್ನನ್ನು ಕಂಡವರೇ ಕಿರುಚಿದರು. "ಬದುಕೋ ಆಸೆ ಇಲ್ವೇನಮ್ಮಾ ನಿಂಗೆ?" ಕೈ ಹಿಡಿದು ಎಬ್ಬಿಸಿ, ನೆರಳಿಗೆ ಕರೆದೊಯ್ದು ನೀರು ಕೊಟ್ಟರು.

ನೀರು ಕುಡಿದ ಮೇಲೆ ಕೇಳಿದೆ, "ಸ್ಕ್ರೀನಲ್ಲಿ ಕಾಣಿಸ್ದೆನಾ ಚಾಚಾ?"

"ಎಲ್ಲಿ ಕಾಣುತ್ತೆ? ಹತ್ತು ಬಣ್ಣ ಮಿಣಮಿಣ ಅಂತಿತ್ತು. ನೀವು ಮೂರು ಜನ ಬಂದಿದ್ರಿ. ಗೇರ್ ಹಾಕೋ ಮುಂಚೆ ಎಣಿಸ್ದೆ. ಎರಡೇ ತಲೆ ಇತ್ತು."

ಎಲ್ಲ ತಲೆ ಸಿಗುವ ತನಕ ಅವರು ಗೇರ್ ಮುಟ್ಟುತ್ತಿರಲಿಲ್ಲ. ಇದರಿಂದ ಹೊತ್ತಾಗುತ್ತದೆಂದು ಟಿಪ್ಪರ್‌ನವರು ಬೈಯುತ್ತಿದ್ದರು. ಇವರು ಬೈಸಿಕೊಳ್ಳುತ್ತಿದ್ದರು.

ಆಮೇಲೆ ಎರಡೂವರೆ ವರ್ಷ ಆಫೀಸಿನಲ್ಲಿ ಒಂದೇ ಮಾತು ಹೇಳಿ ಹೇಳಿ ದಣಿದೆ. ಹಿಂದೆ ಮನುಷ್ಯ ಇದ್ದರೆ ಅದಕ್ಕೆಂದೇ ಬೇರೆ ಕೂಗು ಇರಲಿ, ಕೆಂಪು ಬಣ್ಣ ಅದೊಂದಕ್ಕೇ ಇರಲಿ, ಮಿಕ್ಕದ್ದೆಲ್ಲ ಮೂಲೆಯಲ್ಲಿ ಮೆತ್ತಗಿರಲಿ. "ಸ್ಕ್ರೀನ್ ಖಾಲಿ ಖಾಲಿ ಕಾಣುತ್ತೆ ಮೇಡಮ್, ಗಿರಾಕಿ ಒಪ್ಪಲ್ಲ" ಎನ್ನುತ್ತಿದ್ದರು ಮಾರಾಟದವರು. ಮೀಟಿಂಗ್ ಮುಗಿಸಿ, ಕ್ಯಾತ್ಸಂದ್ರದಲ್ಲಿ ಕಾಫಿಗೆ ನಿಂತು ಚಾಚಾಗೆ ಫೋನ್ ಮಾಡುತ್ತಿದ್ದೆ. "ಇನ್ನೊಂದ್ಸಲ ಕೇಳಿ, ಬಿಡ್ಬೇಡಿ" ಎನ್ನುವಷ್ಟರಲ್ಲಿ ಅವರಿಗೆ ಕೆಮ್ಮು ಒತ್ತಿ ಬರುತ್ತಿತ್ತು. ಕೊನೆಗೆ ಕೂಗಿನ ಮಟ್ಟಿಗೆ ಒಪ್ಪಿದರು. ಬಣ್ಣಗಳು ಹಾಗೇ ಉಳಿದವು.

ಆ ಹೊಸ ಕೂಗನ್ನು ಕೇಳುವ ಮೊದಲೇ ಚಾಚಾ ಹೋಗಿಬಿಟ್ಟರು. ಜಲ್ಲಿ ಧೂಳು ಕುಡಿದ ಎದೆ. ನಾನು ಕುಣಿಗಲ್ ತಲುಪುವ ಹೊತ್ತಿಗೆ ಮಣ್ಣಾಗಿತ್ತು. ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಯಾಕೆ ಹಂಗೆ ಎಣಿಸ್ತಿದ್ರು ಅಂತ ನಿಂಗೆ ಹೇಳಿದ್ರೇನಮ್ಮಾ?"

ಹೇಳಿರಲಿಲ್ಲ. ಮದುವೆಯಾದ ಹೊಸದರಲ್ಲಿ, ಕೊತ್ತಗೆರೆ ಕಡೆ ಕೆರೆ ಹೂಳು ತೆಗೆಯುವಾಗ, ಹಿಂದೆ ನಿಂತಿದ್ದ ಕೂಲಿಯವನೊಬ್ಬ ಇವರ ಚಕ್ರಕ್ಕೆ ಸಿಕ್ಕಿ ಸತ್ತಿದ್ದನಂತೆ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಎಲ್ಲರನ್ನೂ ಎಣಿಸಿಯೇ ತುತ್ತೆತ್ತುತ್ತಿದ್ದರಂತೆ.

ಆಗ ನಾನು ಬಚ್ಚಿಟ್ಟಿದ್ದ ಮಾತು ಹೊರಗೆ ಬಂತು. ಅವತ್ತು ಚಕ್ರದ ಪಕ್ಕ ಕೂತಾಗ ನನಗೆ ಮೂರು ತಿಂಗಳು. ತಿಳಿದರೆ ಸೈಟಿಗೆ ಕಳಿಸುವುದಿಲ್ಲವೆಂದು ಆಫೀಸಿನಲ್ಲಿ ಮುಚ್ಚಿಟ್ಟಿದ್ದೆ. ಚಾಚಾ ಬೈದಾರೆಂಬ ಭಯಕ್ಕೆ, ಮಗಳು ಹುಟ್ಟಿದ ಸುದ್ದಿಯನ್ನೂ ತಡವಾಗಿ ಹೇಳಿದ್ದೆ. ಅವಳಿಗೀಗ ಎರಡು ತುಂಬಿದೆ.

ಆಕೆ ನನ್ನ ಕೈ ಹಿಡಿದುಕೊಂಡರು.

"ಅವ್ರಿಗೆ ಹೇಳ್ಬೇಕಿತ್ತಮ್ಮಾ," ಎಂದರು. "ಸತ್ತವನೊಬ್ಬನ್ನೇ ಎಣಿಸ್ಕೊಂಡು ಹೋದ್ರು."